ಕಟ್ಟೆ ಬಿಟ್ಟು ಕಿಸೆ ಸೇರಿದ ಜೂಜು

ನಮ್ಮ ಜಿಲ್ಲೆಯ ಅಪರಾಧ ಸುದ್ದಿ ಓದುವವರಿಗೆ ಒಂದು ವರದಿ ಬಾಯಿಪಾಠವಾಗಿರುತ್ತದೆ. ಬಸ್ ನಿಲ್ದಾಣದ ಹತ್ತಿರವೋ ಪಾನ್‌ಶಾಪಿನ ಪಕ್ಕದಲ್ಲೋ ಒಬ್ಬ ನಿಂತಿರುತ್ತಾನೆ. ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಬರುತ್ತದೆಂದು ಹೇಳಿ ಓಸಿ (ಮಟಕಾ) ನಂಬರ್ ಬರೆದುಕೊಳ್ಳುತ್ತಿರುತ್ತಾನೆ. ಪೊಲೀಸರು ದಾಳಿ ಮಾಡಿ ಹಿಡಿಯುತ್ತಾರೆ. ಜಪ್ತಾಗುವ ಸಾಮಾನು ಮೂರೇ: ಒಂದಷ್ಟು ನಗದು, ಒಂದು ಮಟಕಾ ಚೀಟಿ, ಒಂದು ಬಾಲ್‌ಪೆನ್ನು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78(3)ನೇ ಕಲಮಿನಡಿ ಕೇಸು ದಾಖಲಾಗುತ್ತದೆ.

ಇಂಥ ವರದಿಗಳು ಈಗಲೂ ಬರುತ್ತವೆ. ಆದರೆ ಶಿಗ್ಗಾವಿ ತಾಲೂಕಿನ ದುಂಡಸಿಯಲ್ಲಿ ಕೂತು ನೋಡುವ ನನಗೆ ಅವು ಹೋದ ಕಾಲದ ಸುದ್ದಿಯಂತೆ ಕಾಣುತ್ತವೆ. ಬಾಲ್‌ಪೆನ್ನಿನವನ ಹತ್ತಿರ ಈಗ ಹೋಗುವವರು ವಯಸ್ಸಾದವರು ಮಾತ್ರ. ಅವರ ಮಕ್ಕಳು, ಮೊಮ್ಮಕ್ಕಳು ಅತ್ತ ಸುಳಿಯುವುದಿಲ್ಲ. ಅವರ ಆಟ ಅಂಗಿಯ ಕಿಸೆಯಲ್ಲಿದೆ. ಪಂಚನಾಮೆ ಮಾಡೋಣವೆಂದರೆ ಅಲ್ಲಿ ಚೀಟಿಯೂ ಇಲ್ಲ, ಪೆನ್ನೂ ಇಲ್ಲ, ನಿಂತು ನೋಡಿದ ಸಾಕ್ಷಿಯೂ ಇಲ್ಲ.

ನಾನು ಇಲ್ಲಿ ಒಂದು ಚಿಕ್ಕ ಅಂಗಡಿ ನಡೆಸುತ್ತೇನೆ. ಝೆರಾಕ್ಸ್, ಮೊಬೈಲ್ ರಿಚಾರ್ಜ್, ಅರ್ಜಿ ತುಂಬಿಕೊಡುವುದು, ಜೊತೆಗೆ ಬ್ಯಾಂಕ್ ಮಿತ್ರನ ಕೆಲಸ. ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ, ಗೃಹಲಕ್ಷ್ಮಿ, ಕೂಲಿಯ ಹಣ ಕೊಡುತ್ತೇನೆ. ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣುಮಕ್ಕಳ ಬೆರಳ ಗೆರೆ ಸವೆದು ಮಷಿನ್ ಗುರುತು ಹಿಡಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಮತ್ತೆ ಮತ್ತೆ ಒತ್ತಿಸಬೇಕಾಗುತ್ತದೆ. ಇಷ್ಟು ಹತ್ತಿರದಿಂದ ಊರಿನ ರೊಕ್ಕ ಬರುವುದನ್ನೂ ಹೋಗುವುದನ್ನೂ ನೋಡುವವನಾದ್ದರಿಂದ ಈ ಮಾತು ಬರೆಯಬೇಕೆನಿಸಿತು.

ನನ್ನ ಅಂಗಡಿ ಇರುವ ಖೋಲಿಯಲ್ಲಿ ಮೊದಲು ಲಾಟರಿ ಅಂಗಡಿ ಇತ್ತು. ಬಾಗಿಲ ಉದ್ದಕ್ಕೂ ಹುರಿ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಟಿಕೆಟ್ ತೂಗುಹಾಕಿರುತ್ತಿದ್ದರು. ಒಂದಂಕಿ ಲಾಟರಿ ಬಂದಮೇಲೆ ಟಿಕೆಟ್ ಹರಿದು ಎಸೆದ ಚೂರು ಅಂಗಡಿ ಮುಂದೆ ಕಾಲಿಗೆ ತೊಡರುತ್ತಿತ್ತು. ಕೂಲಿಯಿಂದ ನೇರ ಬಂದವರು ಮನೆಗೆ ಹೋಗುವ ಮೊದಲೇ ಬರಿಗೈ ಆಗುತ್ತಿದ್ದರು. 1998ರ ಕೇಂದ್ರದ ಲಾಟರಿ ಕಾಯ್ದೆ ಒಂದಂಕಿಯ ಮೇಲೆ ಬಹುಮಾನ ಕೊಡುವುದನ್ನು ನಿಷೇಧಿಸಿತು, 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿದ್ದಾಗ ರಾಜ್ಯದಲ್ಲಿ ಲಾಟರಿಯೇ ಬಂದಾಯಿತು. ಅದೇ ವರ್ಷ ಸಾರಾಯಿಯೂ ನಿಂತಿತು. ಟಿಕೆಟ್ ಮಾರಿ ಹೊಟ್ಟೆ ಹೊರೆಯುತ್ತಿದ್ದ ಅಂಗವಿಕಲರಿಗೆ ಬೇರೆ ದಾರಿ ತೋರಿಸದೆ ಮುಚ್ಚಿದ್ದು ತಪ್ಪು ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಮುಚ್ಚಿದ್ದು ಮಾತ್ರ ಸರಿ.

ಓಸಿ ಆ ಲಾಟರಿಗಿಂತ ಹಳೆಯದು, ಮತ್ತು ಓಸಿಗೂ ನಮ್ಮ ಹೊಲಕ್ಕೂ ನಂಟಿದೆ. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ದಿನದ ವಹಿವಾಟು ತೆರೆಯುವ ದರ, ಮುಚ್ಚುವ ದರ ತಂತಿಯಲ್ಲಿ ಮುಂಬಯಿಗೆ ಬರುತ್ತಿತ್ತು. ಆ ಅಂಕಿಗಳ ಮೇಲೆ ಜನ ರೊಕ್ಕ ಹಚ್ಚುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಾಗ ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿಯಲ್ಲಿ, 1964ರಲ್ಲಿ ರತನ್ ಖತ್ರಿ ಬೇರೆಯಾಗಿ, ಅಂಕಿ ಎತ್ತಿ ಫಲಿತಾಂಶ ಹೇಳುವ ಪದ್ಧತಿ ಶುರು ಮಾಡಿದರು. ಮುಂಬಯಿಯಲ್ಲಿ ಎತ್ತಿದ ಅಂಕಿ ಫೋನಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ತಡಸ, ಶಿಗ್ಗಾವಿ, ಬಂಕಾಪುರ, ದುಂಡಸಿಗೆ ಬರುತ್ತಿತ್ತು. ಹತ್ತಿ ಬೆಳೆದು, ದರ ಸಿಗದೆ ಬಂದ ರೈತ, ಹತ್ತಿಯ ದರದಿಂದ ಹುಟ್ಟಿದ ಅಂಕಿಗೆ ಉಳಿದದ್ದನ್ನೂ ಹಚ್ಚಿ ಮನೆಗೆ ಹೋದದ್ದನ್ನು ನಾನು ನೋಡಿದ್ದೇನೆ.

ಓಸಿ ಬರೆಯುವವನನ್ನು ಒಳ್ಳೆಯವನೆಂದು ತೋರಿಸುವುದು ನನ್ನ ಉದ್ದೇಶವಲ್ಲ. ಉದ್ರಿ ಬರೆದುಕೊಂಡು ಮನೆ ಮುರಿದವರು ಇದ್ದಾರೆ. ನನಗೆ ಗೊತ್ತಿರುವ ಒಂದು ಕುಟುಂಬ ಎರಡೆಕರೆ ನೀರಾವರಿ ಹೊಲ ಕಳೆದುಕೊಂಡು ಈಗ ಬೇರೆಯವರ ಗೋವಿನಜೋಳದಲ್ಲಿ ಕೂಲಿ ಮಾಡುತ್ತಿದೆ. ಕನಸಿನಲ್ಲಿ ಹಾವು ಕಂಡರೆ ಇಂಥ ನಂಬರ್, ಹೆಣ ಕಂಡರೆ ಇಂಥ ನಂಬರ್ ಎಂದು ಚಾರ್ಟ್ ಹಿಡಿದು ಕೂತವರಿದ್ದರು. ಯಾವುದೋ ಅವಧೂತ ಎರಡು ಬೆರಳು ಎತ್ತಿದನೆಂದು ಹೆಂಡತಿಯ ಕಿವಿಯೋಲೆ ಒತ್ತೆ ಇಟ್ಟವರಿದ್ದರು. ಈ ಹಾಳು ಚಟ ಬೇಕಾಗಿತ್ತು ಎಂದು ಯಾರೂ ಹೇಳಲಾರರು.

ಆದರೂ ಒಂದು ಸಂಗತಿಯನ್ನು ಹೇಳಲೇಬೇಕು. ಅದು ಊರ ಕಣ್ಣ ಮುಂದೆ ನಡೆಯುತ್ತಿತ್ತು. ಯಾರು ಹೋದರು, ಎಷ್ಟು ಹೊತ್ತು ನಿಂತರು, ಮುಖ ಯಾಕೆ ಸಣ್ಣದಾಗಿದೆ ಎಂಬುದು ಚಹಾದಂಗಡಿಯಿಂದ ಹಿಡಿದು ನೀರಿನ ನಲ್ಲಿಯವರೆಗೆ ಎಲ್ಲರಿಗೂ ತಿಳಿಯುತ್ತಿತ್ತು. ಸಂಜೆಯಾಗುವುದರೊಳಗೆ ಹೆಂಡತಿಯ ಕಿವಿಗೂ ಬೀಳುತ್ತಿತ್ತು. ಆಕೆ ಕಟ್ಟೆಯವರೆಗೆ ಬಂದು ಎಲ್ಲರೆದುರು ಓಸಿಯವನ ಕುಲಗೋತ್ರ ಬಿಡಿಸಿದರೆ, ಮರುದಿನ ಅವನು ಆಕೆಯ ಗಂಡನಿಗೆ, ‘ಇವತ್ತ ನಿನ್ನ ನಂಬರ್ ಬರಿಯಂಗಿಲ್ಲ, ಮನೀಗೆ ಹೋಗಪಾ’ ಎನ್ನುತ್ತಿದ್ದ. ಕರುಣೆಯಿಂದಲೇ ಅಂದನೆಂದು ಹೇಳಲಾರೆ. ಗದ್ದಲವಾದರೆ ಪೊಲೀಸರು ಬರುತ್ತಾರೆಂಬ ಹೆದರಿಕೆಯೇ ಹೆಚ್ಚು. ಏನೇ ಇರಲಿ, ಬೈಯುವುದಕ್ಕೆ ಎದುರಿಗೆ ಒಬ್ಬ ಮನುಷ್ಯನಿದ್ದ. ಅಣ್ಣತಮ್ಮಂದಿರು ಹೋಗಿ ಕೊರಳಪಟ್ಟಿ ಹಿಡಿಯಬಹುದಾಗಿತ್ತು. ಊರ ಹಿರಿಯರು ಕರೆಸಿ ಕೇಳಬಹುದಾಗಿತ್ತು.

ನಾಗರಪಂಚಮಿಯ ಪಂದ್ಯ ನೆನೆಸಿಕೊಳ್ಳಿ. ಲಿಂಬಿಕಾಯಿ ಒಗೆಯುವ ಪಂದ್ಯ ಕಟ್ಟುತ್ತಾರೆ: ಅಗಸಿಯಿಂದ ಇಂಥ ಗುಡಿಯವರೆಗೆ ಇಷ್ಟು ಒಗೆತದಲ್ಲಿ ಮುಟ್ಟಿಸಬೇಕು. ಹಿಂದೆ ಹುಡುಗರ ಹಿಂಡು, ಒಗೆತ ಎಣಿಸುವ ಹಿರಿಯರು, ಮಾಳಿಗೆ ಮೇಲೆ ನಿಂತು ನೋಡುವ ಹೆಣ್ಣುಮಕ್ಕಳು. ಪಂದ್ಯಕ್ಕೆ ಕೊಬ್ಬರಿಯೋ ತೆಂಗಿನಕಾಯಿಯೋ ಒಂದಿಷ್ಟು ರೊಕ್ಕವೋ. ಹಬ್ಬ ಮುಗಿದರೆ ಅದೂ ಮುಗಿಯಿತು, ಎತ್ತು ಹೂಡುವ ಕೆಲಸ ಕಾದಿರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಜೂಜಿಗೆ ಹೊತ್ತು, ಜಾಗ, ನೋಡುವವರು ಎಂಬ ಮೂರು ಬೇಲಿ ಇದ್ದವು. ಓಸಿ ಬಂದು ಮೊದಲ ಬೇಲಿ ಮುರಿಯಿತು, ಉಳಿದ ಎರಡನ್ನು ಪೂರ್ತಿ ಮುರಿಯಲು ಅದಕ್ಕೆ ಆಗಲಿಲ್ಲ. ಮೊಬೈಲ್ ಮೂರನ್ನೂ ಕಿತ್ತು ಹಾಕಿದೆ.

ಹೊತ್ತಿನ ಲೆಕ್ಕವನ್ನು ಯಾರೂ ಕೂತು ಮಾಡುವುದಿಲ್ಲ, ಆದ್ದರಿಂದ ಇಲ್ಲಿ ಮಾಡುತ್ತೇನೆ. ಓಸಿ ಜೋಡಿ ಎಂದರೆ ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ನಂಬರ್. ಬಂದ ನಂಬರಿಗೆ ಒಂದಕ್ಕೆ ಎಂಬತ್ತು. ಅಂದರೆ ಊರಿನವರು ಹಚ್ಚಿದ ಪ್ರತಿ ನೂರರಲ್ಲಿ ಸರಾಸರಿ ಇಪ್ಪತ್ತು ರೂಪಾಯಿ ಬುಕ್ಕಿಗೆ. ದೊಡ್ಡ ಮೋಸದ ಲೆಕ್ಕವೇ ಅದು. ಆದರೆ ಹಗಲಿನ ಬಾಜಾರಿಗೆ ನೂರು, ರಾತ್ರಿಯ ಬಾಜಾರಿಗೆ ನೂರು ಹಚ್ಚಿದವನು ದಿನಕ್ಕೆ ಸರಾಸರಿ ಕಳೆದುಕೊಳ್ಳುವುದು ನಲವತ್ತು ರೂಪಾಯಿ. ಈಗ ಮೊಬೈಲಿನ ಆಟಕ್ಕೆ ಬನ್ನಿ. ಬಣ್ಣ ಹೇಳುವುದು, ಏರುವ ವಿಮಾನ ಬೀಳುವ ಮೊದಲು ರೊಕ್ಕ ತೆಗೆಯುವುದು, ಇಂಥವು ನಿಮಿಷಕ್ಕೊಂದು ಸುತ್ತು ನಡೆಯುತ್ತವೆ. ಕಂಪನಿ ಬಹಳ ಧಾರಾಳಿ, ನೂರಕ್ಕೆ ಐದೇ ರೂಪಾಯಿ ಇಟ್ಟುಕೊಳ್ಳುತ್ತದೆ ಎಂದೇ ತಿಳಿಯೋಣ. ಸುತ್ತಿಗೆ ನೂರರಂತೆ ಒಂದು ತಾಸು ಆಡಿದರೆ ಅರವತ್ತು ಸುತ್ತು, ಹಚ್ಚಿದ ಮೊತ್ತ ಆರು ಸಾವಿರ, ಹೋದದ್ದು ಸರಾಸರಿ ಮುನ್ನೂರು. ಹೊಲದ ಕೂಲಿಯಷ್ಟು ದುಡ್ಡು, ಒಂದು ತಾಸಿನಲ್ಲಿ. ಇನ್ನು ರಾತ್ರಿ ಹನ್ನೆರಡರವರೆಗೆ ಆಡುವವನ ಲೆಕ್ಕ ನೀವೇ ಹಾಕಿ. ಓಸಿ ಆಡಿದವನಿಗೆ ಅಂಕಿ ಬರುವವರೆಗೆ ಕಾಯಬೇಕಿತ್ತು. ಆ ಕಾಯುವ ಹೊತ್ತಿನಲ್ಲಿ ಹಸಿವಾಗುತ್ತಿತ್ತು, ಬುದ್ಧಿ ಬರುತ್ತಿತ್ತು, ಮಗಳು ಬಂದು ಕರೆಯುತ್ತಿದ್ದಳು. ಈ ಆಟದಲ್ಲಿ ಕಾಯುವುದೆಂಬುದೇ ಇಲ್ಲ.

ಈಗ ನನ್ನ ಟೇಬಲ್ಲಿಗೆ ಬರುತ್ತೇನೆ. ಒಬ್ಬ ಹಿರಿಯ ಹೆಣ್ಣುಮಗಳು ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿಕೊಂಡು ಪಾಸ್‌ಬುಕ್ ತಂದು ನನ್ನ ಮುಂದಿಟ್ಟಳು. ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾಗಿತ್ತು. ಅದೇ ದಿನಾಂಕದ ಕೆಳಗೆ ಇನ್ನೂರು, ನೂರು, ನೂರು, ಐನೂರು, ಐವತ್ತು, ಹೀಗೆ ಒಂದರ ಕೆಳಗೊಂದು ಸಾಲು. ಪ್ರತಿ ಸಾಲಿನಲ್ಲೂ ಒಂದು ಹೆಸರಿನ ತುಂಡು, ಒಂದೂ ನಮ್ಮ ಸೀಮೆಯ ಹೆಸರಲ್ಲ. ಕೊನೆಗೆ ಉಳಿದದ್ದು ಹನ್ನೊಂದು ರೂಪಾಯಿ. ಆಕೆಗೆ ಓದಲು ಬರುವುದಿಲ್ಲ. ಸಾಲುಗಳ ಮೇಲೆ ಬೆರಳಿಟ್ಟು ಕೇಳಿದಳು: ‘ತಮ್ಮಾ, ಈ ಮಂದಿ ಯಾರಪಾ? ನಾ ಇವ್ರಿಗೆ ಯಾರಿಗೂ ರೊಕ್ಕ ಕೊಟ್ಟಿಲ್ಲಲ್ಲ.’

ಆಕೆಯ ಖಾತೆಗೆ ಮಗನ ಸಿಮ್ ಜೋಡಿಸಿತ್ತು. ಎಟಿಎಂ ಕಾರ್ಡ್ ಕೂಡ ಅವನ ಹತ್ತಿರವೇ. ‘ನಿನಗ ತಿಳಿಯಂಗಿಲ್ಲ ಬೇ, ನಾ ನೋಡ್ಕೋತೀನಿ’ ಎಂದಿದ್ದನಂತೆ. ಮೋಸ ಮಾಡಬೇಕೆಂದೇ ಹಾಗೆ ಮಾಡಿದನೆಂದು ನಾನು ನಂಬುವುದಿಲ್ಲ. ಪಿಯುಸಿ ಮುಗಿಸಿ, ಹುಬ್ಬಳ್ಳಿಯಲ್ಲಿ ಗೋದಾಮಿನ ಕೆಲಸ ಮಾಡಿ, ಅದು ಬಿಟ್ಟು ಊರಿಗೆ ಬಂದ ಹುಡುಗ ಅವನು. ಮೊಬೈಲ್ ಆಟದಲ್ಲಿ ಮೊದಲ ವಾರ ಎರಡು ಸಾವಿರ ಗೆದ್ದ. ತಾಯಿಗೆ ಒಂದು ಸೀರೆ ತಂದುಕೊಟ್ಟ. ಆಮೇಲೆ ಸೋತದ್ದನ್ನು ಎತ್ತಬೇಕೆಂಬ ಹಟ ಬಂತು. ಸ್ವಸಹಾಯ ಸಂಘದಲ್ಲಿ ತಾಯಿಯ ಹೆಸರಿನ ಸಾಲ, ಅದರ ಮೇಲೆ ಆ್ಯಪಿನ ಸಾಲ. ಹಳ್ಳಿಗಳಲ್ಲಿ ಸಾಲ ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಆದರೆ ಆ ಸಾಲಗಳಲ್ಲಿ ಎಷ್ಟು ಬೀಜ ಗೊಬ್ಬರಕ್ಕೆ, ಎಷ್ಟು ಈ ಆಟಕ್ಕೆ ಎಂದು ಯಾರಾದರೂ ಕೇಳಿದರೆಂದು ನನಗನ್ನಿಸುವುದಿಲ್ಲ.

ಆ ತಾಯಿಗೆ ಹೋಗಿ ಬೈಯುವುದಕ್ಕೆ ಯಾವ ಕಟ್ಟೆಯೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಊರೂರಿಗೆ ಈಗ ‘ಐಡಿ’ ಕೊಡುವವರು ಹುಟ್ಟಿಕೊಂಡಿದ್ದಾರೆ. ವಾಟ್ಸ್‌ಆ್ಯಪಿನಲ್ಲಿ ಕೇಳಿದರೆ ಹೆಸರು, ಪಾಸ್‌ವರ್ಡ್ ಬರುತ್ತದೆ. ರೊಕ್ಕ ಹಾಕಿದರೆ ಪಾಯಿಂಟ್ ಏರುತ್ತದೆ. ಸೈಟು ಎಲ್ಲಿಯದೋ ಪರದೇಶದ್ದು. ರೊಕ್ಕ ಹಾಕಬೇಕಾದ ಖಾತೆ ಮಾತ್ರ ಇವತ್ತೊಂದು, ನಾಳೆ ಇನ್ನೊಂದು. ಆ ಖಾತೆಗಳು ಯಾರವು? ನಮ್ಮ ಹುಡುಗರವೇ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟರೆ ಕೈಗೆ ಒಂದಿಷ್ಟು ಸಾವಿರ ಕೊಡುತ್ತಾರೆ. ಖಾತೆ ಬಾಡಿಗೆಗೆ ಹೋಗುತ್ತದೆ. ಸುತ್ತಲಿನ ಒಂದು ಹಳ್ಳಿಯ ಯುವಕ ಬೆಳೆವಿಮೆಯ ಹಣ ತೆಗೆಯಲು ಬಂದಾಗ ಖಾತೆ ತಡೆಹಿಡಿಯಲಾಗಿದೆ ಎಂದು ಮಷಿನ್ ತೋರಿಸಿತು. ವಿಚಾರಿಸಿದರೆ ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ. ಅವನ ಹೆಸರಿನಲ್ಲಿ ಲಕ್ಷಗಟ್ಟಲೆ ಬಂದು ಹೋಗಿತ್ತು. ಅವನು ಮುಟ್ಟಿದ್ದು ಆ ಒಂದಿಷ್ಟು ಸಾವಿರ ಮಾತ್ರ. ಕೇಸಿನಲ್ಲಿ ಹೆಸರು ಅವನದೇ.

ಓಸಿ ಬುಕ್ಕಿಗೆ ಊರೊಳಗೊಬ್ಬ ಬರೆಯುವವನು ಬೇಕಿತ್ತು. ಹೊಸ ಬುಕ್ಕಿಗೆ ನಮ್ಮ ಹುಡುಗರ ಆಧಾರ್ ಕಾರ್ಡ್ ಸಾಕು.

ಸರ್ಕಾರಗಳು ಸುಮ್ಮನೆ ಕೂತಿಲ್ಲ ಎಂಬುದನ್ನೂ ಒಪ್ಪಬೇಕು. ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್‌ನಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದು ಸಂವಿಧಾನಕ್ಕೆ ವಿರುದ್ಧವೆಂದು 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು. ಆಮೇಲಿನ ಐಪಿಎಲ್ ಹಂಗಾಮುಗಳಲ್ಲಿ ನಮ್ಮ ಆರಾಧ್ಯ ಆಟಗಾರರೇ ಟಿವಿಯಲ್ಲಿ ಬಂದು ತಂಡ ಕಟ್ಟಿ ಎಂದು ಕರೆದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣದ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ; ಜಾಹೀರಾತು ಕೊಟ್ಟರೆ ಎರಡು ವರ್ಷ, ಐವತ್ತು ಲಕ್ಷ. ಅಂಥ ಹಣ ಸಾಗಿಸುವ ಬ್ಯಾಂಕು, ಪಾವತಿ ಕಂಪನಿಗಳಿಗೂ ಶಿಕ್ಷೆ. ಆಡುವವನಿಗೆ ಶಿಕ್ಷೆ ಇಲ್ಲ, ಅದು ಸರಿಯಾದ ವಿವೇಕ. ಡ್ರೀಮ್11, ಎಂಪಿಎಲ್‌ನಂಥ ದೊಡ್ಡ ಕಂಪನಿಗಳು ಕೂಡಲೇ ಹಣದ ಆಟ ನಿಲ್ಲಿಸಿದವು.

ನಮ್ಮೂರಿನಲ್ಲಿ ಆಗ ಏನಾಯಿತು? ಕ್ರಿಕೆಟ್ ತಂಡ ಕಟ್ಟಿ ಐವತ್ತು ರೂಪಾಯಿ ಹಾಕುತ್ತಿದ್ದ ಬಹಳ ಹುಡುಗರು ಬಿಟ್ಟರು, ಅದು ಕಾಯ್ದೆಯ ಗೆಲುವು. ಚಟ ಹತ್ತಿದವರು ಬಿಡಲಿಲ್ಲ. ಅವರು ಐಡಿ ಕೊಡುವವನ ಹತ್ತಿರ ಹೋದರು. ಲಾಟರಿ ಮುಚ್ಚಿದಾಗ ಓಸಿಗೆ ಹೋದ ಹಾಗೆಯೇ. ಕಾಯ್ದೆ ಬೇಡವೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಬಾಗಿಲು ಮುಚ್ಚಿದ ಮೇಲೆ ಕಾಣದ ದಾರಿಯ ಮೇಲೆ ಕಾವಲು ಹಾಕದಿದ್ದರೆ ಅರ್ಧ ಕೆಲಸವೂ ಆಗುವುದಿಲ್ಲ. ಆ ಕಾಣದ ದಾರಿ ಬ್ಯಾಂಕಿನೊಳಗಿಂದಲೇ ಹೋಗುತ್ತದೆ.

ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ 1961ರಿಂದ ಬೀದಿ ಬದಿಯಲ್ಲೇ ಸರ್ಕಾರದ ಲೈಸೆನ್ಸ್ ಪಡೆದ ಬಾಜಿ ಅಂಗಡಿಗಳಿವೆ. 2019ರಲ್ಲಿ ಅಂಗಡಿಯೊಳಗಿನ ಯಂತ್ರಗಳಲ್ಲಿ ಒಮ್ಮೆಗೆ ನೂರು ಪೌಂಡ್ ಹಚ್ಚಬಹುದಾಗಿದ್ದನ್ನು ಎರಡು ಪೌಂಡಿಗೆ ಇಳಿಸಿದರು, ಅದೇ ವರ್ಷ ಒಂದೇ ಕಂಪನಿ ಸುಮಾರು 700 ಅಂಗಡಿ ಮುಚ್ಚುವುದಾಗಿ ಹೇಳಿತು. ಅಲ್ಲಿಯೂ ಆಟ ಫೋನಿಗೆ ಸರಿಯಿತು. ಆದರೆ ಅಲ್ಲಿಯವರು ರೊಕ್ಕದ ದಾರಿಗೆ ಅಡ್ಡಗಟ್ಟೆ ಹಾಕುತ್ತ ಬಂದರು. 2020ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜು ಆಡುವಂತಿಲ್ಲ. 2025ರಲ್ಲಿ ಆನ್‌ಲೈನ್ ಸ್ಲಾಟ್ ಆಟಕ್ಕೆ ಒಮ್ಮೆಗೆ ಐದು ಪೌಂಡ್, 18ರಿಂದ 24 ವಯಸ್ಸಿನವರಿಗೆ ಎರಡೇ ಪೌಂಡ್ ಎಂದು ಮಿತಿ ಬಂತು. ನಾವು ನಿಷೇಧದ ದಾರಿ ಹಿಡಿದಿದ್ದೇವೆ, ನಮ್ಮ ಬಡತನಕ್ಕೆ ಅದೇ ತಕ್ಕದ್ದು. ಆದರೂ ಹಣ ಹರಿಯುವ ಕಡೆ ಕೈ ಇಡಬೇಕೆಂಬುದನ್ನು ಅವರಿಂದ ಕಲಿಯಬಹುದು.

ಬ್ಯಾಂಕಿನ ಕಂಪ್ಯೂಟರಿಗೆ ಇದೆಲ್ಲ ಕಾಣುತ್ತದೆ. ವ್ಯಾಪಾರದ ಪ್ರತಿ ಬಗೆಗೂ ನಾಲ್ಕಂಕಿಯ ಸಂಕೇತವಿದೆ, ಜೂಜಿನದು 7995. ಅದನ್ನು ತಪ್ಪಿಸಲಿಕ್ಕೆಂದೇ ಐಡಿ ಕೊಡುವವರು ಕೂಲಿಯವರ ಉಳಿತಾಯ ಖಾತೆ ಬಾಡಿಗೆ ಹಿಡಿಯುತ್ತಾರೆ. ಆದರೆ ವರ್ಷವಿಡೀ ನರೇಗಾ ಕೂಲಿಯೊಂದೇ ಬರುತ್ತಿದ್ದ ಖಾತೆಗೆ ಒಂದೇ ದಿನ ನೂರಾರು ಅಪರಿಚಿತರಿಂದ ನೂರು, ಇನ್ನೂರು ಬಂದು, ಸಂಜೆಗೆ ಖಾಲಿಯಾದರೆ, ಅದನ್ನು ಹಿಡಿಯಲು ಪತ್ತೇದಾರ ಬೇಕಿಲ್ಲ. ಬೇರೆ ರಾಜ್ಯದಲ್ಲಿ ಯಾರೋ ದೂರು ಕೊಡುವವರೆಗೆ ಕಾಯದೆ ಅವತ್ತೇ ಆ ಖಾತೆ ನಿಲ್ಲಿಸಿ, ಅದರ ಮಾಲೀಕನನ್ನು ಕರೆಸಿ ಕೇಳಬೇಕು. ಹಾಗೆ ಕೇಳಿದ್ದರೆ ಆ ಬೆಳೆವಿಮೆಯ ಹುಡುಗ ಮೊದಲ ದಿನವೇ ಬಚಾವಾಗುತ್ತಿದ್ದ.

ಹಾಗೆಯೇ ಫೋನಿನಿಂದ ರೊಕ್ಕ ಕಳಿಸುವ ಆ್ಯಪ್‌ಗಳಲ್ಲಿ ದಿನದ ಮಿತಿಯನ್ನು ನಾವೇ ಐನೂರಕ್ಕೋ ಸಾವಿರಕ್ಕೋ ಇಳಿಸಿಕೊಳ್ಳುವಂತಿರಬೇಕು, ಇಳಿಸಿದ್ದನ್ನು ಮತ್ತೆ ಏರಿಸಬೇಕೆಂದರೆ ಎರಡು ದಿನ ಕಾಯುವಂತಿರಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಪೂರ್ತಿ ಬೀಗ ಹಾಕಿಕೊಳ್ಳುವ ಅನುಕೂಲವಿರಬೇಕು. ಬಿಡಬೇಕೆಂದು ಮನಸ್ಸು ಮಾಡಿದ ಹುಡುಗರು ನನ್ನ ಬಳಿ ಬಂದು, ‘ಅಣ್ಣಾರ, ನನ್ನ ಫೋನ್‌ಪೇ ಬಂದ್ ಮಾಡಿ ಕೊಡ್ರಿ’ ಎನ್ನುತ್ತಾರೆ. ಬಂದ್ ಮಾಡಿಕೊಡುತ್ತೇನೆ. ಮನೆ ಮುಟ್ಟುವುದರೊಳಗೆ ಮತ್ತೆ ಶುರು ಮಾಡಿಕೊಳ್ಳಲು ಏನೂ ಅಡ್ಡಿಯಿಲ್ಲ. ಓಸಿ ಆಟದಲ್ಲಿದ್ದ ಕಾಯುವ ಹೊತ್ತನ್ನು ಹೀಗಾದರೂ ಮರಳಿ ಕೊಡಬೇಕು.

ಚಟ ಹತ್ತಿದವನನ್ನು ದುರ್ಬಲನೆಂದೋ ಕಳ್ಳನೆಂದೋ ಬೈದು ಬಿಡುವುದೂ ನಿಲ್ಲಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಅಂತರ್ಜಾಲದ ಗೀಳಿಗೆಂದೇ ‘ಶಟ್’ ಚಿಕಿತ್ಸಾಲಯ 2014ರಿಂದ ಇದೆ. ನಮಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಖಾತೆಯಿಂದ ಹಣ ವಂಚಕರ ಪಾಲಾಗಿದ್ದರೆ 1930ಕ್ಕೆ ಆದಷ್ಟು ಬೇಗ ತಿಳಿಸಬೇಕು. ಈ ಎರಡು ನಂಬರ್‌ಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಅಂಗಡಿಯ ಗೋಡೆಗೆ ಹಚ್ಚಿದ್ದೇನೆ. ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆ ಕೇಳುವಾಗ ಈ ಚಟದ ಬಗ್ಗೆಯೂ ಕೇಳುವಂತೆ ಆರೋಗ್ಯ ಇಲಾಖೆ ಹೇಳಿದರೆ ಎಷ್ಟೋ ಮನೆಗಳ ಸುದ್ದಿ ಹೊರಬೀಳುತ್ತದೆ.

ಪೊಲೀಸರಿಗೆ ನನ್ನ ವಿನಂತಿ, ಬಾಲ್‌ಪೆನ್ನಿನವನನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ ಐಡಿ ಕೊಡುವವನನ್ನು ಹಿಡಿಯಿರಿ. ಅವನು ಯಾರೆಂದು ಪ್ರತಿ ಊರಿನ ಹುಡುಗರಿಗೂ ಗೊತ್ತು. ಅವರು ಹೇಳಲು ಹೆದರುವುದು ತಮ್ಮ ಮೇಲೇ ಕೇಸಾದೀತೆಂದು. ಆಡಿದವನಿಗೆ ಹೊಸ ಕಾಯ್ದೆಯಲ್ಲಿ ಶಿಕ್ಷೆ ಇಲ್ಲವೆಂಬುದನ್ನು ಠಾಣೆಯ ಫಲಕದಲ್ಲಿ ಕನ್ನಡದಲ್ಲಿ ಬರೆಸಿದರೆ ಬಾಯಿ ಬಿಡುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ನಾನು ಎತ್ತುವ ಬೇಡಿಕೆ ಆ ಪಾಸ್‌ಬುಕ್ಕಿಗೆ ಸಂಬಂಧಿಸಿದ್ದು. ಹೆಣ್ಣುಮಕ್ಕಳ ಖಾತೆಗೆ ಬೇರೆಯವರ ಮೊಬೈಲ್ ನಂಬರ್ ಜೋಡಿಸುವ ಮೊದಲು ಖಾತೆದಾರಳನ್ನು ಬ್ಯಾಂಕಿನಲ್ಲಿ ಕೂರಿಸಿಕೊಂಡು, ಈ ನಂಬರಿನವರು ನಿಮ್ಮ ರೊಕ್ಕವನ್ನೆಲ್ಲ ತೆಗೆಯಬಹುದು ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು, ಒಪ್ಪಿಗೆಯಿದ್ದರೆ ಮಾತ್ರ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಈಗಾಗಲೇ ಜೋಡಿಸಿರುವುದನ್ನು ಬಿಡಿಸಲು ಅವಳು ಮಗನನ್ನು ಕರೆತರಬೇಕಾಗಬಾರದು. ದುಂಡಸಿ ಹೋಬಳಿಯ ಸ್ತ್ರೀಶಕ್ತಿ ಸಂಘಗಳು ಠರಾವು ಮಾಡಿ ಬ್ಯಾಂಕುಗಳಿಗೆ ಕೊಟ್ಟರೆ, ಶಿಗ್ಗಾವಿಗೆ ಹೋಗಿ ಅದನ್ನು ಒಪ್ಪಿಸಿ ಬರುವ ಕೆಲಸ ನನ್ನದು.